ಲೆನ್ಸ್ ಸೋತ ಪಿಎಸ್2ಗೆ ಮಾಡ್‌ಚಿಪ್ ಹಾಕಿಸುವ ಮುಂಚೆ

ನಮಸ್ಕಾರ ಸರ್. ನಿಮ್ಮದು 77000 ಸರಣಿಯ ಸ್ಲಿಮ್ ಪಿಎಸ್2, ಅಂದರೆ ಸೋನಿಯ ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್‌ನ ತೆಳು ಮಾದರಿ. ಡಿಸ್ಕ್ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ. ಮನೆಯಲ್ಲಿರುವ ಹಳೇ ಗೇಮ್‌ಗಳನ್ನು ಕಾಪಿ ಮಾಡಿಟ್ಟುಕೊಂಡು ಆಡೋಣ ಅಂತ ಅಂಗಡಿಗೆ ಹೋದರೆ, ಮಾಡ್‌ಚಿಪ್ (ಕಾಪಿ ಡಿಸ್ಕ್ ಓಡಲಿ ಅಂತ ಬೋರ್ಡ್‌ಗೆ ಬೆಸೆಯುವ ಸಣ್ಣ ಚಿಪ್) ಹಾಕಿಸಲೇಬೇಕು ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ಹಾಕಿಸಬೇಡಿ.

ಕಾರಣ ಇಷ್ಟೇ. ಒರಿಜಿನಲ್ ಡಿಸ್ಕ್‌ನಲ್ಲಿ ಮನೆಯ ಬರ್ನರ್ ಬರೆಯಲಾಗದ ಒಂದು ಗುರುತು ಇರುತ್ತದೆ. ಪಿಎಸ್2 ಮೊದಲು ಅದನ್ನು ಹುಡುಕುತ್ತದೆ. ಚಿಪ್ ಆ ತಪಾಸಣೆಯನ್ನು ತಪ್ಪಿಸುತ್ತದೆ, ಅಷ್ಟೇ. ಆಮೇಲೂ ಡಿಸ್ಕ್ ಓದಬೇಕಾದ್ದು ಅದೇ ಸೋತ ಲೆನ್ಸ್. ಬರ್ನ್ ಮಾಡಿದ ಡಿಸ್ಕ್ ಒರಿಜಿನಲ್‌ಗಿಂತ ಕಡಿಮೆ ಬೆಳಕು ಹಿಂದಿರುಗಿಸುತ್ತದೆ, ಹಾಗಾಗಿ ಲೆನ್ಸ್‌ಗೆ ಕಷ್ಟ ಇನ್ನೂ ಜಾಸ್ತಿ. ಅದರ ಮೇಲೆ ಬೋರ್ಡ್‌ಗೆ ಹತ್ತಾರು ಸಣ್ಣ ವೈರ್ ಬೆಸುಗೆ. ಈ ಕನ್ಸೋಲ್ ತಯಾರಿಕೆ ನಿಂತು ಬಹಳ ವರ್ಷ ಆಯಿತು. ಚೆನ್ನಾಗಿರುವ ಬೋರ್ಡ್ ಹಾಳಾದರೆ ಹೊಸದು ಎಲ್ಲಿಂದ ತರೋಣ?

ಹಾಗಾಗಿ ಲೆನ್ಸ್‌ನ ಗೋಜಿಗೇ ಹೋಗದ ದಾರಿ ಹಿಡಿಯೋಣ. ಬೇಕಾದ್ದು ಎರಡು ತಂತ್ರಾಂಶ. ಒಂದು ಫ್ರೀ ಮೆಕ್‌ಬೂಟ್, ಇದು ಮೆಮೊರಿ ಕಾರ್ಡ್‌ನಲ್ಲಿ ಕೂತು, ಕನ್ಸೋಲ್ ಆನ್ ಆದಾಗ ಬೇರೆ ತಂತ್ರಾಂಶ ಓಡಿಸಲು ಬಿಡುತ್ತದೆ. ಇನ್ನೊಂದು ಓಪನ್ ಪಿಎಸ್2 ಲೋಡರ್, ಎಲ್ಲರೂ ಓಪಿಎಲ್ ಅಂತಾರೆ. ಕಾರ್ಡ್ ಹಾಕಿ ಪವರ್ ಒತ್ತಿದರೆ ಮೆನುವಿನಲ್ಲಿ ಓಪಿಎಲ್ ಬರುತ್ತದೆ. ಅದು ಪೆನ್‌ಡ್ರೈವ್, ಎಸ್‌ಡಿ ಕಾರ್ಡ್ ಅಥವಾ ಲ್ಯಾನ್ ಕೇಬಲ್ ಮೂಲಕ ಗೇಮ್ ಓಡಿಸುತ್ತದೆ. ಕನ್ಸೋಲ್ ಬಿಚ್ಚುವ ಕೆಲಸವೇ ಇಲ್ಲ.

ಕಾರ್ಡ್ ವಿಷಯದಲ್ಲಿ ಹುಷಾರಾಗಿರಿ. ಮ್ಯಾಜಿಕ್‌ಗೇಟ್ (ಸೋನಿಯ ಕಾಪಿ-ರಕ್ಷಣೆ ವ್ಯವಸ್ಥೆ) ಇರುವ ಕಾರ್ಡೇ ಬೇಕು. ಸೋನಿಯ 8 ಎಂಬಿ ಒರಿಜಿನಲ್ ಕಾರ್ಡ್ ಸಿಕ್ಕರೆ ಬಹಳ ಒಳ್ಳೆಯದು. ಅಗ್ಗದ ಎಷ್ಟೋ ಕಾರ್ಡ್‌ಗಳಲ್ಲಿ ಮ್ಯಾಜಿಕ್‌ಗೇಟ್ ಸರಿ ಇರುವುದಿಲ್ಲ, ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತದೆ. ಗೆಳೆಯರ ಕಾರ್ಡ್‌ನಿಂದ ಫೈಲ್ ಕಾಪಿ ಮಾಡಿಕೊಂಡರೂ ಆಗುವುದಿಲ್ಲ, ಫೈಲ್‌ಗಳು ಆಯಾ ಕಾರ್ಡ್‌ಗೇ ಕಟ್ಟಿಹಾಕಿದಂತೆ ಇರುತ್ತವೆ. ಇನ್‌ಸ್ಟಾಲರ್ ಓಡಿಸಿಯೇ ಹಾಕಬೇಕು.

ಆ ಇನ್‌ಸ್ಟಾಲರ್ ಓಡಿಸುವುದು ಹೇಗೆ? 2020ರಲ್ಲಿ ಫ್ರೀಡಿವಿಡಿಬೂಟ್ ಬಂದ ಮೇಲೆ ಇದು ಸುಲಭ ಆಗಿದೆ. ಪಿಎಸ್2 ಒಳಗಿನ ಡಿವಿಡಿ ಪ್ಲೇಯರ್‌ನಲ್ಲಿರುವ ದೋಷವನ್ನು ಬಳಸಿಕೊಳ್ಳುವ ಡಿಸ್ಕ್ ಅದು. ಡಿಸ್ಕ್ ಇಲ್ಲದೆ ಆನ್ ಮಾಡಿ, ಮುಖ್ಯ ಮೆನುವಿನಲ್ಲಿ ತ್ರಿಕೋನ ಬಟನ್ ಒತ್ತಿ, ಡಿವಿಡಿ ಪ್ಲೇಯರ್ ವರ್ಷನ್ ನೋಡಿಕೊಳ್ಳಿ. ಅದಕ್ಕೆ ಹೊಂದುವ ಫ್ರೀಡಿವಿಡಿಬೂಟ್ ಐಎಸ್ಒ (ಇಡೀ ಡಿಸ್ಕ್‌ನ ನಕಲು ಇರುವ ಒಂದೇ ಫೈಲ್) ಆರಿಸಿ ಡಿವಿಡಿ-ಆರ್ ಮೇಲೆ ನಿಧಾನ ವೇಗದಲ್ಲಿ ಬರ್ನ್ ಮಾಡಿ. ಕನ್ಸೋಲ್ ಭಾಷೆ ಇಂಗ್ಲಿಷ್‌ನಲ್ಲಿರಲಿ. ನಿಮ್ಮ ಲೆನ್ಸ್ ಅದನ್ನು ಒಂದೇ ಒಂದು ಸಲ ಓದಿದರೆ ಸಾಕು, ಇನ್‌ಸ್ಟಾಲರ್ ಓಡಿಸಿ ಕಾರ್ಡ್ ಸಿದ್ಧ ಮಾಡಿಕೊಳ್ಳಬಹುದು. ಅದೂ ಓದದಿದ್ದರೆ ಗೆಳೆಯರ ಪಿಎಸ್2ನಲ್ಲಿ, ಎಲ್ಲ ಮಾಡೆಲ್‌ಗೂ ಆಗುವ ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿಸಿ.

ಇದನ್ನು ಓದುತ್ತಿರುವ 90000 ಸರಣಿಯವರು ಗಮನಿಸಿ. ಹಿಂಬದಿಯ ಸ್ಟಿಕರ್‌ನಲ್ಲಿ ಡೇಟ್ ಕೋಡ್ ಇದೆ. 8ಎ, 8ಬಿ ಇದ್ದರೆ ಫ್ರೀ ಮೆಕ್‌ಬೂಟ್ ನಡೆಯುತ್ತದೆ. 8ಸಿ ಇದ್ದರೆ ನಡೆಯಲೂಬಹುದು, ನಡೆಯದೆಯೂ ಇರಬಹುದು. 8ಡಿ ಮತ್ತು ನಂತರದವಕ್ಕೆ ನಡೆಯುವುದಿಲ್ಲ, ಅದೇ ಕೆಲಸ ಮಾಡುವ ಓಪನ್‌ಟ್ಯೂನಾ ಎಂಬ ತಂತ್ರಾಂಶ ಹಾಕಿಕೊಳ್ಳಿ.

ಈಗ ಗೇಮ್ ಕಾಪಿ. ಕಂಪ್ಯೂಟರ್‌ನ ಡಿವಿಡಿ ಡ್ರೈವ್‌ಗೆ ನಿಮ್ಮ ಡಿಸ್ಕ್ ಹಾಕಿ, ಇಮ್ಗ್‌ಬರ್ನ್ ಎಂಬ ತಂತ್ರಾಂಶದಲ್ಲಿ ಐಎಸ್ಒ ಮಾಡಿ, ಪೆನ್‌ಡ್ರೈವ್ ಅಥವಾ ಎಸ್‌ಡಿ ಕಾರ್ಡ್‌ನಲ್ಲಿ ಡಿವಿಡಿ ಹೆಸರಿನ ಫೋಲ್ಡರ್‌ಗೆ ಹಾಕಿ. ಅಡಿ ನೀಲಿ ಇರುವವು ಸಿಡಿ ಗೇಮ್‌ಗಳು. ಅವು ಬಿನ್ ಫೈಲ್ ಆಗಿ ಬರುತ್ತವೆ, ಐಎಸ್ಒಗೆ ಬದಲಿಸಿ ಸಿಡಿ ಫೋಲ್ಡರ್‌ಗೆ ಹಾಕಬೇಕು. 2009ರಲ್ಲಿ ಹೈದರಾಬಾದಿನ ಆರೋನಾ ಮಾಡಿದ 'ಹನುಮಾನ್: ಬಾಯ್ ವಾರಿಯರ್' ತರದ ನಮ್ಮ ದೇಶದ ಡಿಸ್ಕ್ ಯಾರ ಹತ್ತಿರವಾದರೂ ಇದ್ದರೆ ಮೊದಲು ಅದನ್ನೇ ಕಾಪಿ ಮಾಡಿ. ಗೀರು ಬಿದ್ದರೆ ಮತ್ತೆ ಸಿಗುವುದು ಕಷ್ಟ. ನಿಮ್ಮದಲ್ಲದ ಗೇಮ್‌ಗಳ ಲಿಂಕ್ ಮಾತ್ರ ಇಲ್ಲಿ ಕೇಳಬೇಡಿ, ಕೊಡುವುದಿಲ್ಲ.

ಎಲ್ಲಿಂದ ಓಡಿಸಬೇಕು ಅನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಪೆನ್‌ಡ್ರೈವ್ ಸುಲಭ, ಆದರೆ ಪಿಎಸ್2ನ ಯುಎಸ್‌ಬಿ 1.1 ಮಟ್ಟದ್ದು, ಸೆಕೆಂಡಿಗೆ ಸುಮಾರು 1 ಎಂಬಿ. ಪೆನ್‌ಡ್ರೈವ್ 3.0 ಆದರೂ ಅಷ್ಟೇ. ಮಧ್ಯೆ ಬರುವ ವಿಡಿಯೊಗಳು ತಡವರಿಸುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ, ಯುಎಸ್‌ಬಿಯುಟಿಲ್ ಎಂಬ ತಂತ್ರಾಂಶದಲ್ಲಿ ತುಂಡು ಮಾಡಬೇಕು. ಫಾರ್ಮ್ಯಾಟ್ ಮಾಡಿದ ಮೇಲೆ ಒಂದೊಂದೇ ಫೈಲ್ ಹಾಕಿ. ಫೈಲ್ ಚೂರುಚೂರಾಗಿ ಕೂತರೆ ಓಪಿಎಲ್ ಗೇಮ್ ಶುರು ಮಾಡುವುದಿಲ್ಲ.

ನಿಮಗೆ ನಾನು ಹೇಳುವುದು ಎಂಎಕ್ಸ್4ಎಸ್ಐಒ. ಮೆಮೊರಿ ಕಾರ್ಡ್‌ನ ಎರಡನೇ ಸ್ಲಾಟ್‌ಗೆ ಹಾಕುವ ಎಸ್‌ಡಿ ಕಾರ್ಡ್ ಅಡಾಪ್ಟರ್ ಇದು, ಓಪಿಎಲ್‌ನ ಹೊಸ ಬೀಟಾ ವರ್ಷನ್ ಬೇಕು. ಯುಎಸ್‌ಬಿಗಿಂತ ವೇಗ. ಕೆಲವು ಎಸ್‌ಡಿ ಕಾರ್ಡ್ ಹೊಂದುವುದಿಲ್ಲ, ಹಾಗಾಗಿ ಮನೆಯಲ್ಲಿರುವ ಕಾರ್ಡನ್ನು ಮೊದಲು ಹಾಕಿ ನೋಡಿ, ಆಮೇಲೆ ದೊಡ್ಡದು ಕೊಳ್ಳಿ. ಇದಕ್ಕಿಂತ ವೇಗ ಬೇಕಾದರೆ ಸ್ಲಿಮ್‌ನ ಹಿಂದೆಯೇ ಲ್ಯಾನ್ ಪೋರ್ಟ್ ಇದೆ. ಅದಕ್ಕೆ ಕಂಪ್ಯೂಟರ್‌ನಲ್ಲಿ ಎಸ್‌ಎಂಬಿ 1 ಎಂಬ, ಫೈಲ್ ಹಂಚಿಕೊಳ್ಳುವ ಹಳೇ ವ್ಯವಸ್ಥೆ ಬೇಕು. ಸುರಕ್ಷತೆ ಇಲ್ಲ ಅಂತಲೇ ಈಗಿನ ವಿಂಡೋಸ್‌ನಲ್ಲಿ ಅದು ಆಫ್ ಆಗಿರುತ್ತದೆ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಿ ಅದನ್ನು ಆನ್ ಮಾಡಬೇಡಿ. ಪಕ್ಕಕ್ಕಿಟ್ಟ ಹಳೇ ಲ್ಯಾಪ್‌ಟಾಪ್ ಇದ್ದರೆ ನೇರ ಕೇಬಲ್ ಹಾಕಿ ಬಳಸಿ.

ಹಿಂದಿನ ಕನ್ಸೋಲ್ ಪಿಎಸ್1ರ ಗೇಮ್‌ಗಳು ಓಪಿಎಲ್‌ನಲ್ಲಿ ಹೀಗೆ ಓಡುವುದಿಲ್ಲ, ಅದಕ್ಕೆ ಪಾಪ್‌ಸ್ಟಾರ್ಟರ್ ಎಂಬ ತಂತ್ರಾಂಶ ಬೇರೆಯೇ ಇದೆ. ನಿಮ್ಮ ಡಿವಿಡಿ ಪ್ಲೇಯರ್ ವರ್ಷನ್ ನೋಡಿ ಇಲ್ಲೇ ಬರೆಯಿರಿ. ಯಾವ ಐಎಸ್ಒ ಬರ್ನ್ ಮಾಡಬೇಕು ಅಂತ ಸರಿಯಾಗಿ ಹೇಳುತ್ತೇನೆ.