ಪಿಯು ಪ್ರಶ್ನೆ, ಮೇಡಂ ಉತ್ತರ: ಬಿಸಿನೆಸ್ ಸ್ಟಡೀಸ್ ಅಪ್ಪನ ಮಂಡಿಯಲ್ಲೇ ಇದೆ

ಪ್ರಶ್ನೆ: ಮೇಡಂ, ನಾನು ತಿಪಟೂರಿನವನು. ದ್ವಿತೀಯ ಪಿಯು ಕಾಮರ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಇಂಗ್ಲಿಷ್. ಅಕೌಂಟೆನ್ಸಿ ಹೇಗೋ ಬರುತ್ತದೆ. ಬಿಸಿನೆಸ್ ಸ್ಟಡೀಸ್ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಫಾಯೋಲ್ ಹೇಳಿದ ಸಂಸ್ಥೆ ನಡೆಸುವ 14 ತತ್ವ ಬಾಯಿಪಾಠ ಮಾಡಿದರೆ ಮರುದಿನ ಅರ್ಧ ಮರೆತಿರುತ್ತದೆ, ಉಳಿದರ್ಧ ಟೇಲರ್ ಜೊತೆ ಕಲಸಿಹೋಗಿರುತ್ತದೆ. ಪ್ರಿಪರೇಟರಿಯಲ್ಲಿ ಪುಟಗಟ್ಟಲೆ ಬರೆದೆ, ಮಾರ್ಕ್ಸ್ ಬರಲಿಲ್ಲ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು, ಅವರಿಗೆ ಇದೆಲ್ಲ ಗೊತ್ತಿಲ್ಲ. ಯಾರನ್ನು ಕೇಳಲಿ? ಹೇಗೆ ಓದಲಿ?

ಉತ್ತರ: ಅಪ್ಪನನ್ನೇ ಕೇಳು. ಅವರಿಗೆ ಗೊತ್ತಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪುಸ್ತಕದ ಹೆಸರುಗಳು ಗೊತ್ತಿಲ್ಲದಿರಬಹುದು. ಆ ಹೆಸರುಗಳ ಹಿಂದಿನ ಕೆಲಸವನ್ನು ಅವರು ದಿನಾ ನೋಡುತ್ತಾರೆ. ಒಂದು ಭಾನುವಾರ ಅವರ ಪಕ್ಕ ಕೂತು ಮಂಡಿಯ ಒಂದು ವಾರದ ಕೆಲಸ ಹೇಳಿಸಿಕೋ. ಪುಸ್ತಕ ತೊಡೆಯ ಮೇಲಿರಲಿ.

ಯೋಜನೆಯ ಅಧ್ಯಾಯದಿಂದಲೇ ಶುರು ಮಾಡೋಣ. ನಿಮ್ಮ ಕಡೆ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಹೇಳು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಆರಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಂದರೆ ರೈತ ಇವತ್ತು ಅಟ್ಟ ತುಂಬುವುದು ಮುಂದಿನ ವರ್ಷದ ಮಾರುಕಟ್ಟೆಗೆ. ಯೋಜನೆ ಮುಂದಿನ ದಿನಗಳತ್ತ ನೋಡುತ್ತದೆ ಎಂದು ಪುಸ್ತಕ ಹೇಳುವ ಲಕ್ಷಣ ಇದೇ. ಮುಂದಿನ ವರ್ಷ ಬೆಲೆ ಬಿದ್ದರೆ? ಆಗ ಯೋಜನೆಯ ಮಿತಿಗಳು ಬರುತ್ತವೆ. ಬದಲಾಗುವ ವಾತಾವರಣದಲ್ಲಿ ಯೋಜನೆ ಕೈಕೊಡಬಹುದು, ಅದು ಯಶಸ್ಸಿನ ಖಾತರಿ ಅಲ್ಲ. ಆರು ಮಿತಿಗಳಲ್ಲಿ ಎರಡು ಅಟ್ಟದ ಮೇಲೇ ಸಿಕ್ಕಿದವು, ಅಲ್ವಾ?

ಇನ್ನು ಯೋಜನೆಯ ವಿಧಗಳು. ಪಾಲಿಸಿ, ಪ್ರೊಸೀಜರ್, ರೂಲ್ ಎಂದು ಒಂದರ ಹಿಂದೆ ಒಂದು ಬರುತ್ತವೆ. ಜಾಸ್ತಿ ಹುಡುಗರು ಎಡವುವುದು ಇಲ್ಲಿಯೇ. ಮೂರಕ್ಕೂ ಒಂದೇ ಅರ್ಥ ಬರೆದಿಟ್ಟಿರುತ್ತಾರೆ. ಮಂಡಿಗೆ ಬಾ. 'ಮುಂಗಡ ಕೊಡುವುದು ಹಳೇ ರೈತರಿಗೆ ಮಾತ್ರ' ಎಂದು ಮಾಲೀಕರು ಇಟ್ಟುಕೊಂಡಿದ್ದರೆ ಅದು ಪಾಲಿಸಿ. ಯಾರು ಹಳಬರು, ಎಷ್ಟು ಕೊಡುವುದು ಎಂದು ಯೋಚಿಸಲು ಅಲ್ಲಿ ಜಾಗ ಇದೆ. ಲಾಟ್ ಇಳಿಯಿತು, ಟೆಂಡರ್ ಆಯಿತು, ತೂಕ ಆಯಿತು, ಬಿಲ್ ಆಯಿತು. ಈ ಸಾಲು ಪ್ರೊಸೀಜರ್, ಹಿಂದೆಮುಂದೆ ಮಾಡುವಂತಿಲ್ಲ. 'ಗೋದಾಮಿನಲ್ಲಿ ಬೀಡಿ ಸೇದುವಂತಿಲ್ಲ' ಎಂಬುದು ರೂಲ್. ಎಣ್ಣೆ ತುಂಬಿದ ಕೊಬ್ಬರಿ ಮೂಟೆಗಳ ನಡುವೆ ಈ ಮಾತಿಗೆ ವಿನಾಯಿತಿ ಇಲ್ಲ. ಮಾಲೀಕರ ತಮ್ಮನಿಗೂ ಇಲ್ಲ. ಯೋಚಿಸಿ ತೀರ್ಮಾನಿಸಲು ಎಲ್ಲಿ ಜಾಗ ಇದೆ, ಎಲ್ಲಿ ಇಲ್ಲ ಎಂಬುದೇ ಇವುಗಳ ವ್ಯತ್ಯಾಸ. ಇದು ಒಮ್ಮೆ ಹೊಳೆದರೆ ಮರೆಯುವುದು ಕಷ್ಟ.

ಫಾಯೋಲ್‌ಗೂ ಹೀಗೇ ಹೋಗು. ಮೊದಲು ಆ ಮನುಷ್ಯ ಯಾರು ಎಂದು ತಿಳಿದುಕೋ. ಫ್ರಾನ್ಸಿನ ಗಣಿ ಎಂಜಿನಿಯರ್. ಮುಳುಗುವ ಸ್ಥಿತಿಯಲ್ಲಿದ್ದ ಗಣಿ ಕಂಪನಿಯ ಚುಕ್ಕಾಣಿ 1888ರಲ್ಲಿ ಅವನ ಕೈಗೆ ಬಂತು. ಅವನು ಅದನ್ನು ಮೇಲೆತ್ತಿದ. ಆ ಅನುಭವವನ್ನು 1916ರಲ್ಲಿ ಬರೆದು ಪ್ರಕಟಿಸಿದ. ಟೇಲರ್ ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಕೆಲಸಗಾರರ ಮಧ್ಯೆ ದುಡಿದು ಮೇಲೆ ಬಂದವನು. ಅವನ ಪುಸ್ತಕ 1911ರದು. ಫಾಯೋಲ್ ಇಡೀ ಸಂಸ್ಥೆಯನ್ನು ಮೇಲಿನಿಂದ ನೋಡಿದ, ಟೇಲರ್ ಕಾರ್ಖಾನೆಯ ನೆಲದಲ್ಲಿ ನಿಂತು ನೋಡಿದ. ಇದೊಂದು ನೆನಪಿದ್ದರೆ ಯಾರ ತತ್ವ ಯಾವುದು ಎಂಬ ಗೊಂದಲ ಬಹುಪಾಲು ಹೋಗುತ್ತದೆ. ಶಿಸ್ತು, ಅಧಿಕಾರ, ಕೇಂದ್ರೀಕರಣ ಬಂದರೆ ಫಾಯೋಲ್. ಗಡಿಯಾರ ಹಿಡಿದು ಕೆಲಸ ಅಳೆಯುವ ಮಾತು ಬಂದರೆ ಟೇಲರ್.

ಈಗ ಅವಳಿಜವಳಿ ತತ್ವಗಳು: ಯುನಿಟಿ ಆಫ್ ಕಮಾಂಡ್, ಯುನಿಟಿ ಆಫ್ ಡೈರೆಕ್ಷನ್. ಒಬ್ಬ ರೈಟರಿಗೆ ಮಾಲೀಕರು 'ಮೊದಲು ಬಿಲ್ ಮುಗಿಸಿ' ಅನ್ನುತ್ತಾರೆ, ಅವರ ಮಗ 'ಮೊದಲು ಲಾರಿ ಕಳಿಸಿ' ಅನ್ನುತ್ತಾನೆ ಎಂದಿಟ್ಟುಕೋ. ರೈಟರು ಯಾರ ಮಾತು ಕೇಳಬೇಕು? ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಎಂದು ಫಾಯೋಲ್ ಹೇಳಿದ್ದು ಈ ಪೇಚಾಟಕ್ಕೆ. ಇದು ಕಮಾಂಡ್. ಅದೇ ಮಾಲೀಕರಿಗೆ ಕೊಬ್ಬರಿ ವ್ಯಾಪಾರ ಒಂದು, ನಾರಿನ ವ್ಯಾಪಾರ ಇನ್ನೊಂದು ಇದ್ದರೆ ಪ್ರತಿಯೊಂದಕ್ಕೂ ಒಂದೇ ಯೋಜನೆ, ಒಬ್ಬನೇ ಮುಖ್ಯಸ್ಥ ಇರಬೇಕು. ಇದು ಡೈರೆಕ್ಷನ್. ಮೊದಲನೆಯದು ಮನುಷ್ಯನ ಬಗ್ಗೆ, ಎರಡನೆಯದು ಕೆಲಸದ ಗುಂಪಿನ ಬಗ್ಗೆ.

ಡೆಲಿಗೇಷನ್, ಅಂದರೆ ಕೆಳಗಿನವರಿಗೆ ಕೆಲಸ ವಹಿಸುವುದು, ನನಗೆ ತುಂಬಾ ಇಷ್ಟದ ಪಾಠ. ಅದರಲ್ಲಿ ಮೂರು ಅಂಶ: ಅಧಿಕಾರ, ಜವಾಬ್ದಾರಿ, ಉತ್ತರದಾಯಿತ್ವ. ಮಾಲೀಕರು ತೂಕದ ಕೆಲಸವನ್ನು ಅಪ್ಪನಿಗೆ ವಹಿಸಬಹುದು. ಚೀಟಿಗೆ ಸಹಿ ಹಾಕುವ ಅಧಿಕಾರವನ್ನೂ ಕೊಡಬಹುದು. ಆದರೆ ತೂಕದಲ್ಲಿ ಹೆಚ್ಚುಕಮ್ಮಿ ಆದರೆ ರೈತ ನೇರ ಬಂದು ಕೇಳುವುದು ಮಾಲೀಕರನ್ನೇ. ಉತ್ತರದಾಯಿತ್ವವನ್ನು ಇನ್ನೊಬ್ಬರಿಗೆ ದಾಟಿಸಲು ಆಗುವುದಿಲ್ಲ ಎಂದು ಪುಸ್ತಕ ಹೇಳುವುದು ಇದನ್ನೇ. ಈ ಒಂದು ವಾಕ್ಯ ಬಿಟ್ಟುಹೋದ ಉತ್ತರಗಳನ್ನು ನಾನು ಬಹಳ ನೋಡಿದ್ದೇನೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ವ್ಯವಹಾರ ಪರಿಸರದ ಐದು ಆಯಾಮಗಳೂ ನಿಮ್ಮ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡಿನಲ್ಲೇ ಇವೆ. ಕ್ವಿಂಟಾಲಿನ ದರ ಏರುವುದು ಇಳಿಯುವುದು ಆರ್ಥಿಕ. ಉತ್ತರ ಭಾರತದ ಹಬ್ಬಗಳಿಗೆ ಕೊಬ್ಬರಿ ಬೇಡಿಕೆ ಏರುವುದು ಸಾಮಾಜಿಕ. ಕೂಗಿ ಹರಾಜು ಮಾಡುತ್ತಿದ್ದ ಕಡೆ ಆನ್‌ಲೈನ್ ಟೆಂಡರ್ ಬಂದದ್ದು ತಾಂತ್ರಿಕ. ಬೆಂಬಲ ಬೆಲೆ ಬಗ್ಗೆ ಸರ್ಕಾರದ ನಿಲುವು ರಾಜಕೀಯ. 1966ರ ಎಪಿಎಂಸಿ ಕಾಯ್ದೆ ಕಾನೂನು. ಪುಸ್ತಕದ ಉದಾಹರಣೆಗಳು ಚೆನ್ನಾಗಿವೆ, ಅವನ್ನೂ ಓದು. 1991ರ ಉದಾರೀಕರಣ, 2016ರ ನೋಟು ರದ್ದತಿ ಇವೆರಡನ್ನು ಬಿಡಬೇಡ. ಆದರೆ ನೆನಪಿನಲ್ಲಿ ಉಳಿಸುವುದು ನಿನ್ನೂರಿನ ಉದಾಹರಣೆ.

ಪುಟಗಟ್ಟಲೆ ಬರೆದೂ ಅಂಕ ಯಾಕೆ ಬರಲಿಲ್ಲ ಎಂಬ ಮಾತಿಗೆ ಬರೋಣ. ಮೌಲ್ಯಮಾಪನಕ್ಕೆ ಕೂತಾಗ ನಮ್ಮ ಮುಂದೆ ಸ್ಕೀಮ್ ಇರುತ್ತದೆ. ಯಾವ ಪಾಯಿಂಟಿಗೆ ಎಷ್ಟು ಅಂಕ ಎಂದು ಅದರಲ್ಲಿರುತ್ತದೆ. ನಮ್ಮ ಕಣ್ಣು ಮೊದಲು ಹುಡುಕುವುದು ಪಾಯಿಂಟಿನ ತಲೆಬರಹವನ್ನು. ಆಮೇಲೆ ಅದರ ಕೆಳಗಿನ ವಿವರಣೆಯನ್ನು. ತಲೆಬರಹ ಇಲ್ಲದೆ ಉದ್ದಕ್ಕೆ ಕಥೆಯಂತೆ ಬರೆದರೆ ಪಾಯಿಂಟ್ ಇದ್ದರೂ ಹೂತುಹೋಗಿರುತ್ತದೆ. ಪತ್ರಿಕೆಯಲ್ಲಿ 1, 2, 4, 8 ಅಂಕದ ಪ್ರಶ್ನೆಗಳಿರುತ್ತವೆ, ಕೊನೆಗೆ 5 ಅಂಕದ ಪ್ರಾಕ್ಟಿಕಲ್ ಓರಿಯೆಂಟೆಡ್ ಪ್ರಶ್ನೆ. 4 ಅಂಕಕ್ಕೆ ನಾಲ್ಕು ತಲೆಬರಹ, ಪ್ರತಿಯೊಂದಕ್ಕೂ ಎರಡು ವಾಕ್ಯ ಸಾಕು. 8 ಅಂಕದ್ದಕ್ಕೆ ಎರಡು ಸಾಲಿನ ಪೀಠಿಕೆ, ಆಮೇಲೆ ಪಾಯಿಂಟ್, ವಿವರಣೆ, ಆದಲ್ಲಿ ಒಂದು ಉದಾಹರಣೆ. ಆಯ್ಕೆ ಪ್ರಕ್ರಿಯೆಯನ್ನೇ ತಗೋ: ಪ್ರಾಥಮಿಕ ಪರಿಶೀಲನೆ, ಪರೀಕ್ಷೆ, ಸಂದರ್ಶನ, ಹಿನ್ನೆಲೆ ವಿಚಾರಣೆ, ಆಯ್ಕೆಯ ತೀರ್ಮಾನ, ವೈದ್ಯಕೀಯ ತಪಾಸಣೆ, ಕೆಲಸದ ಪತ್ರ, ಒಪ್ಪಂದ. ಎಂಟು ಹಂತ, ಇದೇ ಕ್ರಮ. ಹಂತಗಳ ಪ್ರಶ್ನೆಯಲ್ಲಿ ಕ್ರಮ ತಪ್ಪಿದರೆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ತೀರ್ಮಾನಕ್ಕೆ ಮೊದಲೇ ಯಾರಾದರೂ ಕೆಲಸದ ಪತ್ರ ಕೊಡುತ್ತಾರೆಯೇ?

ಲೆಕ್ಕ ಬರುವ ಕಡೆ ಲೆಕ್ಕ ಬರೆ. ನಿನಗೆ ಅಕೌಂಟೆನ್ಸಿ ಬರುತ್ತದಲ್ಲ, ಇದು ನಿನ್ನ ಬಲ. ಟೇಲರ್‌ನ ಡಿಫರೆನ್ಷಿಯಲ್ ಪೀಸ್ ವೇಜ್ ಪದ್ಧತಿ ಕೇಳಿದರೆ ಹೀಗೆ ತೋರಿಸು: ದಿನಕ್ಕೆ 10 ಪೀಸು ಗುರಿ. ಗುರಿ ಮುಟ್ಟಿದವನಿಗೆ ಪೀಸಿಗೆ 50 ರೂಪಾಯಿ, ಮುಟ್ಟದವನಿಗೆ 40. ಒಬ್ಬ 11 ಮಾಡಿ 550 ಪಡೆದ, ಇನ್ನೊಬ್ಬ 9 ಮಾಡಿ 360 ಪಡೆದ. ಎರಡೇ ಪೀಸಿನ ವ್ಯತ್ಯಾಸಕ್ಕೆ 190 ರೂಪಾಯಿ ಕಡಿಮೆ. ಒಂದು ಪುಟದ ವಿವರಣೆಗಿಂತ ಈ ನಾಲ್ಕು ಸಾಲು ಹೆಚ್ಚು ಹೇಳುತ್ತದೆ.

ಇಂಗ್ಲಿಷಿನ ಭಯ ಬಿಡು. ಇಲ್ಲಿ ಯಾರೂ ಅಲಂಕಾರದ ಇಂಗ್ಲಿಷ್ ಕೇಳುತ್ತಿಲ್ಲ. ಮೊದಲು ಕನ್ನಡದಲ್ಲಿ ಅಪ್ಪನಿಗೆ ಹೇಳು. ಅವರಿಗೆ ಅರ್ಥವಾದರೆ ನಿನಗೆ ಅರ್ಥವಾಗಿದೆ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರೆ. ತಲೆಬರಹಗಳು ಮಾತ್ರ ಪುಸ್ತಕದಲ್ಲಿ ಇದ್ದಂತೆಯೇ ಇರಲಿ, ಅವುಗಳ ಸ್ಪೆಲ್ಲಿಂಗ್ ಗಟ್ಟಿ ಮಾಡು.

ದಿನಾ ಒಂದು 8 ಅಂಕದ ಪ್ರಶ್ನೆಯನ್ನು ಪುಸ್ತಕ ಮುಚ್ಚಿ, ಗಡಿಯಾರ ನೋಡಿಕೊಂಡು ಬರೆ. ಮೂರು ಗಂಟೆಯಲ್ಲಿ 80 ಅಂಕ ಎಂದರೆ ಒಂದು ಅಂಕಕ್ಕೆ ಎರಡು ನಿಮಿಷದ ಮೇಲೆ ಸ್ವಲ್ಪ. 8 ಅಂಕದ ಉತ್ತರ 18 ನಿಮಿಷ ದಾಟಬಾರದು. ಸುಮ್ನೆ ಓದುತ್ತಾ ಕೂತರೆ ಎಲ್ಲ ಬರುತ್ತದೆ ಅನ್ನಿಸುತ್ತದೆ, ಪೆನ್ ಹಿಡಿದಾಗಲೇ ಗೊತ್ತಾಗುವುದು. 5 ಅಂಕದ್ದಕ್ಕೆ ಚಿತ್ರ ಬರೆದು ರೂಢಿ ಮಾಡಿಕೋ. ಮನಶ್ಶಾಸ್ತ್ರಜ್ಞ ಮಾಸ್ಲೋನ ಅಗತ್ಯಗಳ ಶ್ರೇಣಿಯಲ್ಲಿ ಹಸಿವು, ನಿದ್ದೆಯಂಥ ದೈಹಿಕ ಅಗತ್ಯಗಳು ಕೆಳಗೆ ಬರಬೇಕು. ಅದನ್ನು ತಲೆಕೆಳಗು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ.

ಪ್ರಶ್ನೆ: ಗ್ರಾಹಕ ರಕ್ಷಣೆ ಪಾಠದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಎಷ್ಟು ಮೊತ್ತದವರೆಗಿನ ದೂರು ಕೇಳಬಹುದು ಎಂಬುದಕ್ಕೆ ಗೈಡಿನಲ್ಲಿ 1 ಕೋಟಿ ರೂಪಾಯಿವರೆಗೆ ಎಂದಿದೆ. ಅಕ್ಕನ ಹಳೇ ನೋಟ್ಸಿನಲ್ಲಿ 20 ಲಕ್ಷ. ಯಾರೋ 50 ಲಕ್ಷ ಅಂದರು. ಯಾವುದು ಬರೆಯಬೇಕು ಮೇಡಂ? (ಗಂಗಾವತಿಯ ವಿದ್ಯಾರ್ಥಿನಿ)

ಉತ್ತರ: ಒಳ್ಳೆಯ ಪ್ರಶ್ನೆ. ಮೂರೂ ಅಂಕಿ ಎಲ್ಲಿಂದಲೋ ಹುಟ್ಟಿದ್ದಲ್ಲ. 20 ಲಕ್ಷ 1986ರ ಹಳೇ ಕಾಯ್ದೆಯದು, ಅದನ್ನು ಬಿಟ್ಟುಬಿಡು. 2019ರ ಹೊಸ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರಲ್ಲಿ ಜಿಲ್ಲೆಗೆ 1 ಕೋಟಿವರೆಗೆ, ರಾಜ್ಯಕ್ಕೆ 10 ಕೋಟಿವರೆಗೆ, ಅದರ ಮೇಲೆ ರಾಷ್ಟ್ರೀಯ ಆಯೋಗ ಎಂದಿತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಂದು ಇದನ್ನು ಇಳಿಸಿತು. ಈಗ ಜಿಲ್ಲೆಗೆ 50 ಲಕ್ಷದವರೆಗೆ, ರಾಜ್ಯಕ್ಕೆ 50 ಲಕ್ಷದಿಂದ 2 ಕೋಟಿವರೆಗೆ, ಅದರ ಮೇಲೆ ರಾಷ್ಟ್ರೀಯ ಆಯೋಗ. ಈ ಮೊತ್ತ ನೀನು ವಸ್ತುವಿಗೋ ಸೇವೆಗೋ ಕೊಟ್ಟ ಹಣದ ಲೆಕ್ಕ, ಕೇಳುವ ಪರಿಹಾರದ್ದಲ್ಲ.

ಪರೀಕ್ಷೆಯಲ್ಲಿ ಈ ವರ್ಷ ನಿನ್ನ ಕೈಯಲ್ಲಿರುವ ಪಠ್ಯಪುಸ್ತಕದ ಅಂಕಿಯನ್ನೇ ಮೊದಲು ಬರೆ. ಸ್ಕೀಮ್ ತಯಾರಾಗುವುದು ಪಠ್ಯದಿಂದ. ಪುಸ್ತಕದಲ್ಲಿ 1 ಕೋಟಿ ಇದ್ದರೆ, 2021ರ ನಿಯಮದಂತೆ ಈಗ 50 ಲಕ್ಷ ಎಂದು ಕೆಳಗೆ ಒಂದು ಸಾಲು ಸೇರಿಸು. ಗ್ರಾಹಕರ ಆರು ಹಕ್ಕುಗಳಂತೂ ಎಲ್ಲದರಲ್ಲೂ ಒಂದೇ: ಸುರಕ್ಷತೆ, ಮಾಹಿತಿ, ಆಯ್ಕೆ, ಅಹವಾಲು ಹೇಳಿಕೊಳ್ಳುವುದು, ಪರಿಹಾರ, ಗ್ರಾಹಕ ಶಿಕ್ಷಣ. ಮತ್ತೆ ಇದನ್ನು ಪರೀಕ್ಷೆ ಮುಗಿದ ಮೇಲೆ ಮರೆಯಬೇಡ. ಮನೆಗೆ ತಂದ ಮಿಕ್ಸಿ ಕೆಟ್ಟು, ಅಂಗಡಿಯವರು ನಮಗೆ ಸಂಬಂಧವಿಲ್ಲ ಎಂದರೆ 1915ಕ್ಕೆ ಫೋನ್ ಮಾಡು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ.

ಪ್ರಶ್ನೆ: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆಯಂತಲ್ಲ. 'ಮೊದಲನೆಯದು ಹೋದರೆ ಎರಡನೆಯದು ಬರೀತೀನಿ ಬಿಡಮ್ಮ' ಎಂದು ಮಗ ಆರಾಮಾಗಿದ್ದಾನೆ. ಓದುವುದೂ ಬರೀ ಗೈಡ್. ಏನು ಹೇಳಲಿ? (ಸಾಗರದ ತಾಯಿ)

ಉತ್ತರ: ಅಮ್ಮಾ, ನಿಮ್ಮ ಆತಂಕ ಸರಿಯಾದದ್ದೇ. 2024ರಲ್ಲಿ ಪರೀಕ್ಷೆ-1, 2, 3 ಎಂಬ ವ್ಯವಸ್ಥೆ ಬಂತು. ಬರೆದವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಜ್ವರ ಬಂದು ಕೂತ ಹುಡುಗಿಗೆ, ಒಂದು ವಿಷಯದಲ್ಲಿ ಜಾರಿದ ಹುಡುಗನಿಗೆ ಇದು ದೊಡ್ಡ ಉಪಕಾರ. ಈ ವ್ಯವಸ್ಥೆ ಬಂದದ್ದು ನನಗೆ ನಿಜಕ್ಕೂ ಖುಷಿ. ಆದರೆ ನಿಮ್ಮ ಮಗ ಮೊದಲನೆಯದನ್ನು ಬಿಟ್ಟರೆ ಗೆಳೆಯರೆಲ್ಲ ಬಿ.ಕಾಂ., ಬಿಬಿಎ ಅರ್ಜಿ ಹಿಡಿದು ಓಡಾಡುವಾಗ ಅವನು ಇದೇ ಪುಸ್ತಕ ಹಿಡಿದು ಒಬ್ಬನೇ ಕೂತಿರಬೇಕಾಗುತ್ತದೆ. ಅವನನ್ನು ಬೈಯುವ ಬದಲು ಇದನ್ನು ನಿಧಾನವಾಗಿ ಹೇಳಿ.

ಗೈಡ್ ಪೂರ್ತಿ ಬೇಡ ಎನ್ನುವುದಿಲ್ಲ, ಕೊನೆಯ ವಾರ ತಿರುವಿಹಾಕಲು ಇರಲಿ. ಆದರೆ ಒಂದು ಅಂಕದ ಪ್ರಶ್ನೆಗಳು ಪಠ್ಯದ ಯಾವ ಮೂಲೆಯಿಂದಲೂ ಬರಬಹುದು. ಗೈಡಿನಲ್ಲಿ ಆ ಮೂಲೆಗಳೇ ಬಿಟ್ಟುಹೋಗಿರುತ್ತವೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಉಚಿತವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ ಕೊಡಿ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಟಿವಿ ಆರಿಸಿ, ಫೋನ್ ನಿಮ್ಮ ಹತ್ತಿರ ಇಟ್ಟುಕೊಂಡು ಅವನನ್ನು ಬರೆಯಲು ಕೂರಿಸಿ. ಬರೆದದ್ದನ್ನು ಸೋಮವಾರ ಅವನ ಉಪನ್ಯಾಸಕರಿಗೆ ತೋರಿಸಲಿ. ನೋಡಿಕೊಡುವುದಿಲ್ಲ ಎನ್ನುವ ಮೇಷ್ಟ್ರು ಕಡಿಮೆ. ಮತ್ತೆ ಆಂತರಿಕ ಮೌಲ್ಯಮಾಪನದ 20 ಅಂಕ ಕಾಲೇಜಿನಲ್ಲೇ ತೀರ್ಮಾನವಾಗುತ್ತದೆ. ಅದಕ್ಕಾಗಿ ಕೊಡಬೇಕಾದ ಬರಹಗಳಲ್ಲಿ ಅವನದು ಏನಾದರೂ ಬಾಕಿ ಇದೆಯಾ ಎಂದು ಈ ವಾರವೇ ಕಾಲೇಜಿಗೆ ಹೋಗಿ ವಿಚಾರಿಸಿ.