ತೊಗರಿ ನಾಡಿನಲ್ಲಿ ಜೇನುಪೆಟ್ಟಿಗೆ: ಸಹಾಯಧನ ಯಾರಿಗೆ, ಎಷ್ಟು?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ನಾಲ್ಕು ಎಕರೆ ಒಣಬೇಸಾಯ, ತೊಗರಿ ಬಿತ್ತೀವ್ರಿ. ಹೊಲ ಇನ್ನೂ ಅಪ್ಪನ ಹೆಸರಿನ್ಯಾಗೇ ಅದ. ಐವತ್ತು ಜೇನುಪೆಟ್ಟಿಗೆ ಇಟ್ರ ಸರ್ಕಾರ ಸಬ್ಸಿಡಿ ಕೊಡ್ತದ, ತೊಗರಿ ಇಳುವರಿನೂ ದುಪ್ಪಟ್ಟಾಗ್ತದ ಅಂತ ಒಬ್ಬ ಏಜೆಂಟ್ ಹೇಳ್ಯಾನ. ಈಗ ಮುಂಗಡ ಕೇಳ್ಲಿಕತ್ಯಾನ. ನನಗ ಅರ್ಹತೆ ಅದ ಏನ್ರಿ?

ಉತ್ತರ: ಅರ್ಹತೆ ಇದೆ. ಮುಂಗಡ ಮಾತ್ರ ಕೊಡಬೇಡಿ. ಈ ಯೋಜನೆಗಳಲ್ಲಿ ಏಜೆಂಟರಿಗೆ ಕೆಲಸವೇ ಇಲ್ಲ.

ಮೊದಲು ಹೋಗಬೇಕಾದದ್ದು ಆಳಂದದ ತೋಟಗಾರಿಕೆ ಇಲಾಖೆ ಕಚೇರಿಗೆ, ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಹತ್ತಿರ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ 'ಇಲ್ಲಿ ಅಂಥದ್ದೇನೂ ಇಲ್ಲ' ಎನಿಸಿಕೊಂಡು ಬಂದವರು ಬಹಳ ಮಂದಿ. ಅದು ಕೃಷಿ ಇಲಾಖೆ, ಜೇನು ಬರುವುದು ತೋಟಗಾರಿಕೆಗೆ. ರಾಜ್ಯದ ಮಧುವನ ಮತ್ತು ಜೇನು ಸಾಕಣೆ ಯೋಜನೆಯಲ್ಲಿ ಪೆಟ್ಟಿಗೆ, ಜೇನು ಕುಟುಂಬ (ರಾಣಿ ಸಮೇತ ಒಂದು ಗೂಡಿನ ಹುಳುಗಳು), ಸ್ಟ್ಯಾಂಡಿಗೆ ಸಾಮಾನ್ಯ ವರ್ಗದವರಿಗೆ ಶೇ 75, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ ನಿಗದಿಯಾಗಿದೆ. ಪ್ರತಿ ವರ್ಷ ತಾಲ್ಲೂಕಿಗೆ ಇಷ್ಟು ಎಂದು ಗುರಿ ಬರುತ್ತದೆ, ಅದು ಮುಗಿದರೆ ಮುಂದಿನ ವರ್ಷಕ್ಕೆ ಕಾಯಬೇಕು. ಹಾಗಾಗಿ ಏಪ್ರಿಲ್ ದಾಟುತ್ತಲೇ ವಿಚಾರಿಸಿ.

ನಿಮ್ಮ ಏಜೆಂಟ್ ಹೇಳಿದ 'ಐವತ್ತು' ಬಂದಿರುವುದು ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನಿಂದ. ಅದರ 2014ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ 50 ಕುಟುಂಬಗಳವರೆಗೆ ಶೇ 40 ಸಹಾಯಧನ ಎಂದಿತ್ತು. ಆದರೆ ಅದು ನಿಮ್ಮ ಬಿಲ್ಲಿನ ಶೇ 40 ಅಲ್ಲ, ಸರ್ಕಾರ ಗೊತ್ತುಪಡಿಸಿದ ಘಟಕ ವೆಚ್ಚದ ಶೇ 40. ಅಂದಿನ ಘಟಕ ವೆಚ್ಚ ಕುಟುಂಬಕ್ಕೆ 2,000 ರೂಪಾಯಿ. ಪೇಟೆಯಲ್ಲಿ ನೀವು 4,000 ಕೊಟ್ಟು ತಂದರೂ ಕೈಗೆ ಬರುತ್ತಿದ್ದದ್ದು 800. 2025ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ, ಲೆಕ್ಕದ ಕ್ರಮ ಬದಲಾಗಿಲ್ಲ. ಆದ್ದರಿಂದ 'ಎಷ್ಟು ಪರ್ಸೆಂಟ್' ಎಂದು ಕೇಳುವ ಮೊದಲು 'ಯಾವ ದರದ ಮೇಲೆ' ಎಂದು ಕೇಳಿ.

ಮೂರನೆಯದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಹನಿ ಮಿಷನ್. 2017ರಲ್ಲಿ ಶುರುವಾದದ್ದು. ತರಬೇತಿ ಕೊಟ್ಟು, ಜೀವಂತ ಕುಟುಂಬಗಳಿರುವ 10 ಪೆಟ್ಟಿಗೆ ಮತ್ತು ಉಪಕರಣ ಕೊಡುವುದು ಅದರ ರೂಢಿ. ರಾಷ್ಟ್ರೀಯ ಜೇನು ಮಿಷನ್ ಎಂದು 500 ಕೋಟಿಯ ಇನ್ನೊಂದು ಯೋಜನೆಯ ಹೆಸರೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದರ ದೊಡ್ಡ ಮೊತ್ತಗಳೆಲ್ಲ ರೈತ ಉತ್ಪಾದಕ ಸಂಸ್ಥೆ, ಸಂಘ, ವಿಶ್ವವಿದ್ಯಾಲಯಗಳ ಪ್ರಸ್ತಾವಗಳಿಗೆ. ಒಂಟಿ ರೈತರು ಅದರ ಬೆನ್ನು ಹತ್ತಿ ಚಪ್ಪಲಿ ಸವೆಸುವುದು ಬೇಡ.

ಪಹಣಿ ಅಪ್ಪನ ಹೆಸರಿನಲ್ಲಿದ್ದರೆ ತೋಟಗಾರಿಕೆಯ ಅರ್ಜಿಯನ್ನೂ ಅವರ ಹೆಸರಿನಲ್ಲೇ ಹಾಕುವುದು ಸುಲಭ. ಅವರ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಅನ್ವಯಿಸಿದರೆ ಜಾತಿ ಪ್ರಮಾಣಪತ್ರ. ತರಬೇತಿಗೆ ಮಾತ್ರ ನೀವೇ ಹೋಗಿ, ಪೆಟ್ಟಿಗೆ ತೆರೆಯುವವರು ನೀವು ತಾನೆ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮುಂದಿನ ತರಬೇತಿ ಯಾವಾಗ ಎಂದು ವಿಚಾರಿಸಿ. ಮತ್ತೊಂದು ಮಾತು: ಇಲಾಖೆಯಿಂದ ಕಾರ್ಯಾದೇಶ ಕೈಗೆ ಬರುವ ಮೊದಲು ಒಂದು ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಹಿಂದಿನ ತಾರೀಕಿನ ಬಿಲ್ಲಿಗೆ ಹಣ ಬರುವುದಿಲ್ಲ.

ಇನ್ನು ದುಪ್ಪಟ್ಟು ಇಳುವರಿಯ ಮಾತು. ತೊಗರಿ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆ. ದುಂಬಿ, ಜೇನು ಬಂದರೆ ಒಳ್ಳೆಯದೇ, ಆದರೆ ದುಪ್ಪಟ್ಟೆಂಬುದು ಬರೀ ಬಾಯಿಮಾತು. ಸೂರ್ಯಕಾಂತಿಯ ಮಾತು ಬೇರೆ. ಅಲ್ಲಿ ಜೇನು ಬರದಿದ್ದರೆ ತೆನೆಯ ನಡುವೆ ಜೊಳ್ಳು. ಸೂರ್ಯಕಾಂತಿ, ಕುಸುಬೆ ಬಿತ್ತುವುದನ್ನೇ ನಮ್ಮವರು ಕಡಿಮೆ ಮಾಡಿಬಿಟ್ಟಿದ್ದಾರೆ, ಜೇನಿಗೆ ಅದು ದೊಡ್ಡ ಪೆಟ್ಟು.

ತೊಗರಿಯಿಂದ ಜೇನಿಗೆ ಮೇವೇನೋ ಸಿಗುತ್ತದೆ, ಅಕ್ಟೋಬರ್–ನವೆಂಬರಿನಲ್ಲಿ ಹೊಲವೆಲ್ಲ ಹಳದಿ. ಕಾಯಿಕೊರಕಕ್ಕೆ ನಾವು ಔಷಧಿ ಹೊಡೆಯುವುದೂ ಆಗಲೇ. ಅಂಥ ಒಂದು ಬೆಳಗ್ಗೆ ನಾನು ನೋಡಿದ ಪೆಟ್ಟಿಗೆ ಇನ್ನೂ ಕಣ್ಣಿಗೆ ಕಟ್ಟಿದೆ: ಬಾಗಿಲ ಮುಂದೆ ಬೊಗಸೆ ತುಂಬ ಸತ್ತ ಹುಳು, ನಾಲಗೆ ಹೊರಚಾಚಿಕೊಂಡು ಬಿದ್ದಿದ್ದವು. ಒಳಗಿನ ಹಲ್ಲೆಯಲ್ಲಿ, ಅಂದರೆ ಮೇಣದ ಎರಿಯಲ್ಲಿ, ತುಪ್ಪ ಇತ್ತು, ಮರಿ ಇತ್ತು, ನೋಡಿಕೊಳ್ಳುವ ಹುಳುಗಳೇ ಇರಲಿಲ್ಲ. ಔಷಧಿ ಹೊಡೆದದ್ದು ಪಕ್ಕದ ಹೊಲದವರು, ಅದೂ ಹತ್ತು ಗಂಟೆಯ ಬಿಸಿಲಿನಲ್ಲಿ. ಅವರಿಗೆ ಪೆಟ್ಟಿಗೆ ಇರುವುದೇ ಗೊತ್ತಿರಲಿಲ್ಲ. ಅರ್ಜಿ ಹಾಕುವ ಮುಂಚೆಯೇ ಸುತ್ತಲಿನ ಹೊಲದವರ ಹತ್ತಿರ ಮಾತಾಡಿ, 'ಹೊಡೆಯುವುದಿದ್ದರೆ ಹೊತ್ತು ಮುಳುಗುವಾಗ ಹೊಡೀರಿ, ಹಿಂದಿನ ದಿನ ನನಗೊಂದು ಫೋನ್ ಮಾಡ್ರಿ' ಎಂದು ಒಪ್ಪಿಸಿ. ಒಪ್ಪದಿದ್ದರೆ ಅಲ್ಲಿ ಪೆಟ್ಟಿಗೆ ಇಡಬೇಡಿ.

ಬೇಸಿಗೆ ಇನ್ನೊಂದು ಪರೀಕ್ಷೆ. 42–43 ಡಿಗ್ರಿ ಬಿಸಿಲಿಗೆ ಮೇಣ ಮೆತ್ತಗಾಗಿ ಹಲ್ಲೆ ಜೋತುಬೀಳುತ್ತದೆ, ಕುಟುಂಬ ಪೆಟ್ಟಿಗೆ ಬಿಟ್ಟು ಎದ್ದುಹೋಗುತ್ತದೆ. ಬೇವು, ಹುಣಸೆಯ ನೆರಳು, ಪೆಟ್ಟಿಗೆಯ ಮೇಲೆ ನೆನೆಸಿದ ಗೋಣಿಚೀಲ, ಹತ್ತಿರದಲ್ಲೊಂದು ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಬೇಕು. ನೀರಿನಲ್ಲಿ ಜೋಳದ ದಂಟಿನ ತುಂಡು ತೇಲಿಬಿಡಿ, ಹುಳು ಮುಳುಗಬಾರದು. ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಇಡಬೇಕು. ಆ ಖರ್ಚು ಯಾವ ಸಹಾಯಧನದಲ್ಲೂ ಬರುವುದಿಲ್ಲ. ಐವತ್ತು ಬಿಡಿ, ಹತ್ತರಿಂದ ಶುರುಮಾಡಿ. ಹತ್ತರಲ್ಲಿ ಆರು ಮೃಗಶಿರದ ಮಳೆ ಕಂಡರೆ ಆಮೇಲೆ ಹೆಚ್ಚಿಸುವ ಮಾತು.

ಪ್ರಶ್ನೆ: ಹುಮನಾಬಾದ್ ಕಡೆಯವರು. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಹನ್ನೆರಡು ಜನ ಇದ್ದೇವೆ, ಯಾರಿಗೂ ಹೊಲ ಇಲ್ಲ. ಜೇನುತುಪ್ಪ ಕೊಂಡು, ಶುದ್ಧ ಮಾಡಿ, ಬಾಟಲಿ ತುಂಬಿ ಮಾರಬೇಕೆಂದಿದ್ದೇವೆ. ನಮಗೇನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ ಅಕ್ಕಾರೇ, ಇದಕ್ಕೆ ಹೊಲ ಬೇಕಾಗಿಲ್ಲ. ನಿಮ್ಮದು ಸಾಕಣೆಯಲ್ಲ, ಸಂಸ್ಕರಣೆ. ಆದ್ದರಿಂದ ಯೋಜನೆಯೂ ಬೇರೆ: ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ. ಕೇಂದ್ರದ ಶೇ 35ರ ಜೊತೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷದವರೆಗೆ ಸಹಾಯಧನ ಇಟ್ಟಿತ್ತು. ಇದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಹಣ. ಶೇ 10 ನಿಮ್ಮ ಕೈಯಿಂದ ಹಾಕಬೇಕು, ಉಳಿದದ್ದಕ್ಕೆ ಬ್ಯಾಂಕ್ ಒಪ್ಪಬೇಕು. ಬೀದರಿನ ಕೃಷಿ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಯಾರೆಂದು ಕೇಳಿ, ಯೋಜನಾ ವರದಿ ಬರೆದುಕೊಡುವುದು ಅವರ ಕೆಲಸ. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅಲ್ಲೇ ಖಚಿತಪಡಿಸಿಕೊಳ್ಳಿ.

ಹೆಜ್ಜೇನು ಇಳಿಸುವವರಿಂದ ತುಪ್ಪ ಕೊಳ್ಳುವಾಗ ಒಂದು ಎಚ್ಚರ. ಹಲ್ಲೆ ಹಿಂಡಿ ತೆಗೆದ ತುಪ್ಪದಲ್ಲಿ ನೀರಿನಂಶ ಹೆಚ್ಚಿರುತ್ತದೆ, ಬಾಟಲಿಯಲ್ಲಿ ನೊರೆ ಬಂದು ಹುಳಿಯುತ್ತದೆ. ಕಾನೂನಿನ ಮಿತಿ ಶೇ 20. ಅದನ್ನು ಅಳೆಯುವ ಕೈಯಳತೆಯ ಉಪಕರಣ ಬರುತ್ತದೆ, ಯಂತ್ರಗಳ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆಸಿ.

ಪ್ರಶ್ನೆ: ಶಹಾಪುರ ತಾಲ್ಲೂಕು, ಎರಡು ಎಕರೆ ಕಲ್ಲಂಗಡಿ. ಜೇನು ಸಾಕುವುದು ಬೇಡ, ಹೂವಿನ ಕಾಲಕ್ಕಷ್ಟೇ ಪೆಟ್ಟಿಗೆ ಬಾಡಿಗೆಗೆ ತರಬೇಕು. ಬಾಡಿಗೆಗೆ ಸಹಾಯಧನ ಇದೆಯೇ?

ಉತ್ತರ: ತೋಟಗಾರಿಕೆ ಮಿಷನ್‌ನಲ್ಲಿ ಆ ಭಾಗದ ಹೆಸರೇ 'ಜೇನು ಸಾಕಣೆ ಮೂಲಕ ಪರಾಗಸ್ಪರ್ಶಕ್ಕೆ ನೆರವು'. ಹಣ ಕೊಡುವುದು ಮಾತ್ರ ಕುಟುಂಬ, ಪೆಟ್ಟಿಗೆ, ಉಪಕರಣ ಕೊಳ್ಳಲು, ಬಾಡಿಗೆಗಲ್ಲ. ಆದರೂ ಬಾಡಿಗೆ ಕೊಟ್ಟು ತನ್ನಿ, ನಷ್ಟವಿಲ್ಲ. ಕಲ್ಲಂಗಡಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಸಾಲದಿದ್ದರೆ ಕಾಯಿ ಒಂದು ಮಗ್ಗುಲಿಗೆ ಸೊಟ್ಟಗೆ ಬೆಳೆಯುತ್ತದೆ, ಮಂಡಿಯಲ್ಲಿ ಅದನ್ನು ಕೇಳುವವರಿಲ್ಲ. ಹೂ ಬಿಡುವ ಮೊದಲೇ ಪೆಟ್ಟಿಗೆ ತರಬೇಡಿ, ಹುಳುಗಳು ಪಕ್ಕದ ಜಾಲಿಯ ಹೂವಿನ ರುಚಿ ಹಿಡಿದುಬಿಡುತ್ತವೆ. ನೂರು ಬಳ್ಳಿಯಲ್ಲಿ ಹತ್ತರಲ್ಲಿ ಹೂ ಕಂಡ ಸಂಜೆ, ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ತಂದು, ರಾತ್ರಿಯೇ ಹೊಲದಲ್ಲಿ ಇಳಿಸಿ.