ಒಲೆ ಎರಡಾದರೆ ಮನೆ ಒಡೆದ ಹಾಗಾ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ನಾವು ಒಂಬತ್ತು ಜನ. ಅತ್ತೆ, ಬಾವನ ಸಂಸಾರ, ನಮ್ಮ ಸಂಸಾರ. ನಾದಿನಿ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಮನೆ ಮಾವ ದುಡಿದು ಕೊಂಡದ್ದು. ಅವರು ವಿಲ್ ಬರೆಯದೆ ತೀರಿಕೊಂಡರು. ಈಗ ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟ್‌ಗೆ ಹೋಗಿದೆ. ಒಂದು ದೊಡ್ಡ ಫ್ಲ್ಯಾಟ್ ಬದಲು ಎರಡು ಚಿಕ್ಕ ಫ್ಲ್ಯಾಟ್ ಕೊಡಲು ಬಿಲ್ಡರ್ ಒಪ್ಪಿದ್ದಾರೆ. ಅತ್ತೆಯನ್ನು ಆರಾರು ತಿಂಗಳು ಇಟ್ಟುಕೊಳ್ಳೋಣ ಅಂತ ನಾನು, ನನ್ನವರು ಹೇಳಿದೆವು. ಬಾವ, “ಅಪ್ಪ ಕಟ್ಟಿದ ಕೂಡುಕುಟುಂಬ ನಿನ್ನ ಹೆಂಡತಿಯಿಂದ ಒಡೆಯಿತು” ಅಂದರು. ನಾನು ತಪ್ಪು ಮಾಡ್ತಿದ್ದೀನಾ?

ಉತ್ತರ: ಇಲ್ಲ ತಂಗಿ. ಬೇರೆ ಅಡುಗೆಮನೆ ಬೇಕು ಅನ್ನಿಸುವುದು ತಪ್ಪಲ್ಲ.

ನಾನು ಬೆಳೆದದ್ದು ಮುಂಬೈ ಪರೇಲ್‌ನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ. ಒಂದೇ ಖೋಲಿ, ಹತ್ತು ಜನ. ಅಪ್ಪನಿಗೆ ಮಿಲ್ಲಿನಲ್ಲಿ ಹಗಲು ಪಾಳಿ, ಚಿಕ್ಕಪ್ಪನಿಗೆ ರಾತ್ರಿ ಪಾಳಿ. ಇದ್ದದ್ದು ಒಂದೇ ಸೀಮೆಎಣ್ಣೆ ಸ್ಟವ್. ಬೆಳಿಗ್ಗೆ ಅಮ್ಮ ಅಪ್ಪನ ಡಬ್ಬಿಗೆ ಪಲ್ಯ ಒಗ್ಗರಣೆ ಹಾಕುವ ಹೊತ್ತಿಗೇ ಚಿಕ್ಕಪ್ಪ ಬಂದು ಸ್ನಾನಕ್ಕೆ ಬಿಸಿನೀರು ಕೇಳೋರು. ಯಾರ ಪಾತ್ರೆ ಮೊದಲು ಅನ್ನುವುದರಲ್ಲೇ ಅಮ್ಮ, ಚಿಕ್ಕಮ್ಮನ ಮಾತು ನಿಂತುಹೋಯಿತು. ಹನ್ನೊಂದು ತಿಂಗಳು! ಒಂದೇ ಖೋಲಿಯಲ್ಲಿ ಆ ಮೌನ ಎಷ್ಟು ಭಾರ ಅಂತ ಮಕ್ಕಳಾದ ನಮಗೇ ಗೊತ್ತು. ಕೊನೆಗೆ ಅಜ್ಜಿ ಇನ್ನೊಂದು ಸ್ಟವ್ ತರಿಸಿದರು. ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಾಲು ಉಕ್ಕಿಸಿ, ಚಿಕ್ಕಮ್ಮನಿಗೆ ಒಪ್ಪಿಸಿದಳು. ಮರುದಿನವೇ ಒಂದು ಬಟ್ಟಲು ಹುಳಿ ಆ ಮೂಲೆಯಿಂದ ಈ ಮೂಲೆಗೆ ಬಂತು.

ಅಡುಗೆ ಬೇರೆಯಾದ ಮಾತ್ರಕ್ಕೆ ಅವಿಭಕ್ತ ಕುಟುಂಬ ಪಾಲಾಯಿತು ಅಂತ ಕೋರ್ಟೂ ಹೇಳುವುದಿಲ್ಲ. ಅವಿಭಕ್ತ ಕುಟುಂಬದ ಕಾನೂನಿಗೆ ಆಧಾರವಾದ ‘ಮಿತಾಕ್ಷರ’ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದಲ್ಲಿ, ಸುಮಾರು 900 ವರ್ಷದ ಹಿಂದೆ. ನಿಮ್ಮ ಲೋಕಲ್ ಟ್ರೇನಿನ ಕಲ್ಯಾಣ್ ಅಲ್ಲ, ಬೀದರ್ ಜಿಲ್ಲೆಯ ನಮ್ಮ ಬಸವಕಲ್ಯಾಣ. ಯಾರಿಗೆ ಎಷ್ಟು ಪಾಲು, ಯಾವಾಗ ಪಾಲು ಅಂತ ಅದರಲ್ಲೇ ವಿವರವಾಗಿದೆ. ಬೇರೆಯಾಗುವುದನ್ನು ಈಗಿನ ಸೊಸೆಯಂದಿರು ಕಲಿಸಿಕೊಟ್ಟರು ಅನ್ನುವುದು ಅನ್ಯಾಯದ ಮಾತು.

ನನಗೆ ಚಿಂತೆಯಾದದ್ದು ಬೇರೆ. ನಾದಿನಿಯ ಸುದ್ದಿಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಾವನ ಸ್ವಂತ ಗಳಿಕೆಯ ಮನೆ, ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅತ್ತೆಗೂ ಮೂವರು ಮಕ್ಕಳಿಗೂ ಸಮಪಾಲು. ಅಂದರೆ ಪಾಲು ಎರಡಲ್ಲ, ನಾಲ್ಕು. ಹೌಸಿಂಗ್ ಸೊಸೈಟಿಯಲ್ಲಿ ಬಾವ ನಾಮಿನಿ ಆಗಿದ್ದರೂ ಅಷ್ಟೇ, ಮನೆ ಅವರೊಬ್ಬರದಾಗುವುದಿಲ್ಲ. ಗೌರಿಹಬ್ಬಕ್ಕೆ ಸೀರೆ ಕೊಟ್ಟು ಕಳಿಸಿದರೆ ಆಕೆಯ ಪಾಲು ತೀರಿತು ಅಂದುಕೊಳ್ಳಬೇಡಿ. ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ ಅವಳನ್ನು ಕರೆಸಿ. ಎಲ್ಲರೂ ಕೂತು ಮಾತಾಡಿ, ವಕೀಲರಿಂದ ಬರೆಸಿ. ಅವಳು ಬಿಟ್ಟುಕೊಡ್ತೀನಿ ಅಂದರೂ ಅದು ರಿಜಿಸ್ಟರ್ ಆಗಲಿ.

ಇನ್ನು ಅತ್ತೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಅಂತ ನೀವೇ ಲೆಕ್ಕ ಹಾಕಿದ್ದೀರಿ. ಅವರನ್ನು ಕೇಳಿದ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಮನೆಯಲ್ಲಿ ಅವರಿಗೂ ಪಾಲಿದೆ, ಅಲ್ವಾ? ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿರುವಾಗ, ಇಬ್ಬರು ಸೊಸೆಯಂದಿರೂ ಪಕ್ಕದಲ್ಲಿ ಕೂತು, ಎಲ್ಲಿರಲು ಇಷ್ಟ ಅಂತ ಅವರನ್ನೇ ಕೇಳಿ.